ಕಲಬುರಗಿಯಲ್ಲೇ ಇದ್ದು ಆಡಿಯೊ ವರದಿಗಾರಿಕೆ ಮಾಡಬಹುದಾ?

ಪತ್ರಿಕೋದ್ಯಮ ಓದು ಮುಗಿಸಿದ್ದೇನೆ, ಲಂಬಾಣಿ ತಾಂಡಾದ ಹೆಣ್ಣುಮಕ್ಕಳು, ಕಲ್ಲುಗಣಿ ಕೂಲಿಗಳು, ಇಂಥವರ ಮಾತನ್ನು ಆಡಿಯೊದಲ್ಲಿ ಕೇಳಿಸಬೇಕು, ಅದಕ್ಕೆ ಬೆಂಗಳೂರಿಗೆ ಹೋಗಲೇಬೇಕಾ ಅಂತ ಕೇಳಿದ್ದೀರಿ. ಬೇಡ, ಇಲ್ಲೇ ಇರಿ. ನಾನೂ ಈ ಕೆಲಸಕ್ಕೆ ಹೊಸಬಳು, ಕಲಬುರಗಿಯಿಂದಲೇ ಮಾಡುತ್ತಿದ್ದೇನೆ.

ಎಲ್ಲಿ ಕೇಳಿಸೋದು ಅನ್ನೋದು ಮೊದಲು ತಿಳಿದಿರಲಿ. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಹಾಕುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನಷ್ಟೇ ಹಾಕಬಹುದು. ಸುತ್ತಲಿನ ಊರುಗಳಿಗಷ್ಟೇ ಕೇಳುವ ಸಣ್ಣ ಸಮುದಾಯ ರೇಡಿಯೊಗೂ ಸುದ್ದಿಯ ವಿಷಯದಲ್ಲಿ ಇದೇ ಕಟ್ಟುಪಾಡು. ಆದರೆ ಅಲ್ಲಿ ಜನರ ಬದುಕಿನ ಮಾತಿಗೆ ಜಾಗ ಇದೆ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಊರಿನವರು ಸೇರಿ ಮಾಡಿದ್ದಿರಬೇಕು ಅಂತ ಸಮುದಾಯ ರೇಡಿಯೊ ನೀತಿಯೇ ಹೇಳುತ್ತದೆ. ಉಳಿದದ್ದು ಪಾಡ್‌ಕಾಸ್ಟ್, ಯೂಟ್ಯೂಬ್, ವಾಟ್ಸಾಪ್. ನನಗೆ ವಾಟ್ಸಾಪ್ ಮೇಲೆ ಜಾಸ್ತಿ ನಂಬಿಕೆ. ಓದಲು ಬಾರದ ಅಜ್ಜಿಯೂ ಮೊಮ್ಮಗನ ಫೋನಿನಲ್ಲಿ ಕೇಳುತ್ತಾಳೆ.

ತಾಂಡಾಕ್ಕೆ ಹೋದರೆ ನಿಮ್ಮನ್ನು ಮೊದಲು ನಾಯಕನ, ಅಂದರೆ ತಾಂಡಾದ ಮುಖಂಡನ ಮನೆಗೆ ಕರೆದೊಯ್ಯುತ್ತಾರೆ. ಅದು ಮರ್ಯಾದೆ, ಹೋಗಿ ಕುಳಿತು ಚಹಾ ಕುಡಿಯಿರಿ. ಆದರೆ ಅಲ್ಲಿಗೇ ರೆಕಾರ್ಡಿಂಗ್ ಮುಗಿಸಬೇಡಿ. 2023ರ ಜನವರಿಯಲ್ಲಿ ಮಳಖೇಡಕ್ಕೆ ಪ್ರಧಾನಿ ಬಂದು, ಐದು ಜಿಲ್ಲೆಗಳ ತಾಂಡಾದವರಿಗೆ 50 ಸಾವಿರಕ್ಕೂ ಜಾಸ್ತಿ ಮನೆ ಜಾಗದ ಹಕ್ಕುಪತ್ರ ಕೊಟ್ಟ ಸುದ್ದಿ ಎಲ್ಲರಿಗೂ ಗೊತ್ತು. ಆ ಪತ್ರ ಬಂದ ಮೇಲೆ ಮನೆಯಲ್ಲಿ ಏನು ಬದಲಾಯಿತು ಅಂತ ಹಿಂದೆ ನಿಂತ ಹೆಂಗಸನ್ನು ಕೇಳಿ. ಅವಳು ಲಂಬಾಣಿಯಲ್ಲೇ ಹೇಳಲಿ. ಅವಳ ಮಾತು ಸ್ವಲ್ಪ ಹೊತ್ತು ಹಾಗೇ ಓಡಲಿ, ಆಮೇಲೆ ನೀವು ಕನ್ನಡದಲ್ಲಿ ಹೇಳಿ. ಮೊದಲ ಸೆಕೆಂಡಿಗೇ ಅವಳ ದನಿ ತಗ್ಗಿಸಿ ನಿಮ್ಮ ದನಿ ಏರಿಸಿದರೆ, ಅವಳು ಮತ್ತೆ ಹಿಂದೆಯೇ ನಿಂತಂತಾಯಿತು ಅಲ್ವಾ? ಚಿತ್ತಾಪುರದ ಮುದುಕಪ್ಪನ ಕನ್ನಡಕ್ಕೂ, ದರ್ಗಾ ಓಣಿಯ ದಖ್ಖನಿ ಉರ್ದುವಿಗೂ ಇದೇ ಮಾತು. ತಿದ್ದಬೇಡಿ.

ನಾನು ತುಂಬಾ ಯೋಚಿಸುವ ವಿಷಯ ಇನ್ನೊಂದಿದೆ. "ಯಕ್ಕಾ, ಹೆಸರ ಹೇಳಬ್ಯಾಡ್ರಿ ಮತ್ತ" ಅಂತ ಜನ ಕೇಳಿಕೊಳ್ಳುತ್ತಾರೆ. ಬರಹದಲ್ಲಾದರೆ ಹೆಸರು ಬಿಟ್ಟರೆ ಬಹಳ ಮಟ್ಟಿಗೆ ನಡೆಯುತ್ತದೆ. ಆಡಿಯೊದಲ್ಲಿ ನಡೆಯೋದಿಲ್ಲ. ಸಣ್ಣ ಊರಲ್ಲಿ ಯಾರು ಕೆಮ್ಮಿದರೂ ಗುರುತು ಸಿಗುತ್ತದೆ. ಕಬ್ಬು ಕಡಿಯಲು ಮುಕಾದಮನ (ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರ) ಹತ್ತಿರ ಮುಂಗಡ ತಗೊಂಡವರು ಅವನ ವಿರುದ್ಧ ಮಾತಾಡಿದ ಕ್ಲಿಪ್ ಅವನ ಫೋನಿಗೇ ಹೋಗಬಹುದು. ಇದನ್ನು ಮೊದಲೇ ಬಿಡಿಸಿ ಹೇಳಿ. ರೆಕಾರ್ಡ್ ಆದ ಮೇಲೆ ಅವರಿಗೇ ಕೇಳಿಸಿ, ಮತ್ತೊಮ್ಮೆ ಒಪ್ಪಿಗೆ ಕೇಳಿ. ಬೇಡ ಅಂದರೆ ಅಳಿಸಿಬಿಡಿ, ಎಷ್ಟೇ ಒಳ್ಳೆ ಮಾತಾಗಿದ್ದರೂ. ಅಳಿಸಿದ್ದನ್ನು ಅವರ ಕಣ್ಣೆದುರೇ ತೋರಿಸಿ.

ಸಾಮಾನಿಗೆ ಹೆಚ್ಚು ಖರ್ಚು ಬೇಡ. ಫೋನು, ಅಂಗಿಗೆ ಸಿಕ್ಕಿಸುವ ಮೈಕು, ಗಾಳಿ ಸದ್ದು ತಡೆಯಲು ಅದಕ್ಕೊಂದು ಸ್ಪಂಜಿನ ಟೋಪಿ ಸಾಕು. ನಮ್ಮ ಕಡೆಯ ದೊಡ್ಡ ತೊಂದರೆ ಫ್ಯಾನು, ಕೂಲರು. 42 ಡಿಗ್ರಿ ಬಿಸಿಲಲ್ಲಿ ಯಾರ ಮನೆಯಲ್ಲೂ ಫ್ಯಾನ್ ಆರಿಸಿ ಅನ್ನಬೇಡಿ. ಬೆಳಗ್ಗೆ ಬೇಗ ಹೋಗಿ, ಬೇವಿನ ಮರದ ಕೆಳಗೆ ಕುಳಿತುಕೊಳ್ಳಿ. ಹೊರಡುವ ಮುಂಚೆ ಯಾರೂ ಮಾತಾಡದೆ ಆ ಜಾಗದ ಸದ್ದನ್ನೂ ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ, ಎಡಿಟ್ ಮಾಡುವಾಗ ತೇಪೆ ಹಾಕಲು ಬೇಕಾಗುತ್ತದೆ.

ಸಂಬಳದ ಕೆಲಸ ಇಲ್ಲಿ ಕಡಿಮೆ, ನಿಜ. ಸದ್ಯಕ್ಕೆ ಬೇರೆಯವರ ಆಡಿಯೊ ಎಡಿಟ್ ಮಾಡಿಕೊಟ್ಟು ನನ್ನ ಬಸ್ ಖರ್ಚು ನೋಡಿಕೊಳ್ಳುತ್ತೇನೆ.

ತಡ ಮಾತ್ರ ಮಾಡಬೇಡಿ. ದೀಪಾವಳಿ ಮುಗಿದರೆ ಎಷ್ಟೋ ಮನೆಯವರು ಗುಳೆ ಹೋಗುತ್ತಾರೆ, ಬೇಸಿಗೆವರೆಗೂ ಸಿಗೋದಿಲ್ಲ. ಹಬ್ಬಕ್ಕೆ ಮುಂಚೆ ಒಮ್ಮೆ ಹೋಗಿ ಬನ್ನಿ. ಮೊದಲ ಸಲ ಮೈಕು ಚೀಲದಲ್ಲೇ ಇರಲಿ, ಸುಮ್ನೆ ಮಾತಾಡಿಸಿ ಬಂದರೂ ಸಾಕು.