ಹೊಳೆ ಕೆಂಪು, ಒರತೆ ತಿಳಿ: ಮಣ್ಣು ಎಲ್ಲಿ ಹೋಯ್ತು?

ಪ್ರಶ್ನೆ: ಮಳೆ ಬಂದರೆ ನಮ್ಮ ವರದಾ ಹೊಳೆ ಕೆಂಪಗೆ ಹರಿಯುತ್ತದೆ. ಆದರೆ ಅಂಚಿನಿಂದ ನಾಲ್ಕು ಹೆಜ್ಜೆ ಈಚೆ ಉಸುಕಿನಲ್ಲಿ ಒರತೆ ತೋಡಿದರೆ ತಿಳಿನೀರು ಬರುತ್ತದೆ. ಆ ಕೆಂಪು ಎಲ್ಲಿ ಹೋಯ್ತು? ಹರಿಯೋ ನೀರಲ್ಲಿ ಮಣ್ಣು ತಳ ಹಿಡಿಯಲ್ಲ ಅಂತ ನಮ್ಮ ಮೇಷ್ಟ್ರು ಹೇಳಿದ್ದರು.
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೇಷ್ಟ್ರು ಹೇಳಿದ್ದು ಮುಕ್ಕಾಲು ಪಾಲು ಸರಿ. ಗಾಜಿನ ಲೋಟದಲ್ಲಿ ಒಂದು ಚಮಚ ಹೊಲದ ಮಣ್ಣು ಕಲಕಿ ಇಟ್ಟು ನೋಡಿ. ಉಸುಕು ಆಗಲೇ ತಳ ಸೇರಿರುತ್ತದೆ, ಆದರೆ ಜೇಡಿ ಮಾರನೇ ದಿನವೂ ನೀರನ್ನು ಕೆಂಪಗೇ ಇಟ್ಟಿರುತ್ತದೆ. ಜೇಡಿಯಲ್ಲೇ ದೊಡ್ಡದೆನಿಸುವ 2 ಮೈಕ್ರಾನಿನ ಕಣ, ಅಂದರೆ ಮಿಲಿಮೀಟರಿನ 500ರಲ್ಲಿ ಒಂದು ಪಾಲು, ನಿಂತ ನೀರಲ್ಲೇ ದಿನಕ್ಕೆ ಸುಮಾರು 30 ಸೆಂಟಿಮೀಟರ್ ಇಳಿಯುತ್ತದೆ ಅಷ್ಟೆ. ಒಂದು ಮೀಟರ್ ಇಳಿಯಲು ಮೂರು ದಿನ ಬೇಕು, ಅದಕ್ಕಿಂತ ಸಣ್ಣ ಕಣಗಳಿಗೆ ಇನ್ನೂ ಹೆಚ್ಚು! ಹೊಳೆಯಲ್ಲಿ ಸುಳಿಗಳು ಅದನ್ನು ಮತ್ತೆ ಮತ್ತೆ ಮೇಲಕ್ಕೆತ್ತುತ್ತವೆ.

ಉಳಿದ ಕಾಲು ಪಾಲಿನಲ್ಲೇ ಇರುವುದು ಮಜಾ. ಹೊಳೆಯ ತಳ ಸಿಮೆಂಟಿನ ತೊಟ್ಟಿಯ ಹಾಗಲ್ಲ, ನೀರು ಉಸುಕಿನ ಮೇಲೂ ಹರಿಯುತ್ತದೆ, ಒಳಗೂ ಹರಿಯುತ್ತದೆ. ಬರಿಗಾಲಲ್ಲಿ ಹೊಳೆ ದಾಟಿದವರಿಗೆ ಗೊತ್ತು, ತಳದ ಉಸುಕು ಸಾಲು ಸಾಲಾಗಿ ಪುಟ್ಟ ದಿಬ್ಬ ಕಟ್ಟಿರುತ್ತದೆ. ಹರಿವು ಬಂದು ಒತ್ತುವ ಮಗ್ಗುಲಲ್ಲಿ ನೀರು ಉಸುಕಿನೊಳಗೆ ನುಗ್ಗುತ್ತದೆ, ದಿಬ್ಬದ ಆಚೆ ಮಗ್ಗುಲಲ್ಲಿ ಹೊರಗೆ ಬರುತ್ತದೆ. ಜೇಡಿ ತಾನಾಗಿ ಇಳಿಯುವುದಲ್ಲ, ನೀರೇ ಅದನ್ನು ಒಳಗೆ ಎಳೆದುಕೊಂಡು ಹೋಗುತ್ತದೆ.

ಒಳಗೆ ಏನಾಗುತ್ತದೆ? ಉಸುಕು ಜರಡಿ ಥರ ಹಿಡಿಯುತ್ತದೆ ಅಂತ ಎಲ್ಲರೂ ಹೇಳ್ತಾರೆ, ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಅರ್ಧ ಮಿಲಿಮೀಟರಿನ ಉಸುಕಿನ ಹರಳುಗಳ ನಡುವಿನ ಸಂದು, ಹೆಚ್ಚುಕಡಿಮೆ, ಮಿಲಿಮೀಟರಿನ ಹತ್ತನೇ ಒಂದು ಪಾಲು. ಜೇಡಿ ಕಣ ಅದಕ್ಕಿಂತ 50 ಪಟ್ಟು ಸಣ್ಣದು, ಆರಾಮಾಗಿ ತೂರಿ ಹೋಗಬೇಕು. ಹೋಗಲ್ಲ. ಯಾಕಂದರೆ ಸಂದಿನಲ್ಲಿ ನೀರು ತೆವಳುತ್ತದೆ, ಸುಳಿ ಇಲ್ಲ, ಮೇಲಾಗಿ ಬೀಳಬೇಕಾದ ದೂರವೇ ಅಷ್ಟು ಕಡಿಮೆ. ಒಂದು ಮೀಟರ್ ನಿಂತ ನೀರಲ್ಲಿ ಮೂರು ದಿನ ಹಿಡಿಯುವ ಕೆಲಸ ಇಲ್ಲಿ ಅರ್ಧ ನಿಮಿಷದ್ದು. ಕೆಳಗಿನ ಹರಳಿನ ಮೇಲೆ ಕೂತಿತು, ಅಂಟಿಕೊಂಡಿತು, ಮುಗೀತು. ಪ್ಯಾಕ್‌ಮನ್, ಬ್ರೂಕ್ಸ್, ಮಾರ್ಗನ್ ಎಂಬ ಅಮೆರಿಕದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉಸುಕು ಹಾಸಿದ ಉದ್ದನೆಯ ಕಾಲುವೆಯಲ್ಲಿ ಕಯೋಲಿನ್ ಜೇಡಿ ಕಲಸಿದ ನೀರನ್ನು ಸುತ್ತಿ ಸುತ್ತಿ ಹರಿಸಿದ್ದರು. ನೀರಿನ ಜೇಡಿ ಕಡಿಮೆಯಾಗುತ್ತಾ ಬಂದು ಉಸುಕಿನೊಳಗೆ ಸೇರಿಕೊಂಡಿತ್ತು.

ನಿಮ್ಮ ಒರತೆಗೂ ನೀರು ಹೀಗೇ ಉಸುಕಿನ ಸಂದುಗಳಲ್ಲಿ ತೆವಳಿಕೊಂಡು ಬರುತ್ತದೆ. ಎಲ್ಲಾ ಹೊಳೆಯದ್ದೇ ಅಂತಲ್ಲ, ದಡದ ಕಡೆಯ ಅಂತರ್ಜಲವೂ ಸೇರಿರಬಹುದು.

ಪ್ರಶ್ನೆ: ಹಾಗಾದರೆ ಒಂದು ದಿನ ಉಸುಕೆಲ್ಲ ಜೇಡಿ ತುಂಬಿ ಕಟ್ಟಿಕೊಳ್ಳಲ್ವಾ?

ಉತ್ತರ: ಕಟ್ಟಿಕೊಳ್ಳುತ್ತದೆ. ಹೇಗೆ ಅನ್ನೋದು ಸಂದಿನ ಅಳತೆ ಮೇಲಿದೆ. ಆಲ್ಬರ್ಟ್ ಐನ್‌ಸ್ಟೈನ್ ಅವರ ಮಗ ಹಾನ್ಸ್ ಆಲ್ಬರ್ಟ್ (ಅಪ್ಪನ ದಾರಿ ಬಿಟ್ಟು ಹೊಳೆಯ ಮಣ್ಣಿನ ಹಿಂದೆ ಬಿದ್ದ ಮನುಷ್ಯ!) 1968ರಲ್ಲಿ ಬೆಣಚುಕಲ್ಲಿನ ತಳದ ಪ್ರಯೋಗಗಳನ್ನು ಪ್ರಕಟಿಸಿದರು. ಅಲ್ಲಿ ನುಣ್ಣನೆಯ ಮಣ್ಣು ಕಲ್ಲಿನ ಸಂದಿನಲ್ಲಿ ಬುಡದವರೆಗೂ ಇಳಿದು, ಕೆಳಗಿಂದ ಮೇಲಕ್ಕೆ ತುಂಬುತ್ತಾ ಬಂದಿತ್ತು. ಸಂದು ಸಣ್ಣದಾಗಿ ಮಣ್ಣಿನ ಕಣ ದಪ್ಪಗಿದ್ದರೆ ಉಲ್ಟಾ, ಮೇಲ್ಪದರದಲ್ಲೇ ಬಿರಡೆ ಹಾಕಿದ ಹಾಗಾಗುತ್ತದೆ. ಬೆಣಚಿನ ಸಂದಿನಲ್ಲಿ ಮೊಟ್ಟೆ ಇಡುವ ಸಾಲ್ಮನ್ ಮೀನಿಗೆ ಇದೇ ಕಂಟಕ, ಮೊಟ್ಟೆಗಳಿಗೆ ಆಮ್ಲಜನಕ ಸಿಗದೆ ಸಾಯುತ್ತವೆ.

ದೊಡ್ಡ ನೆರೆ ಬಂದಾಗ ಉಸುಕೇ ಎದ್ದು ಉರುಳುತ್ತದೆ, ಸಿಕ್ಕಿಕೊಂಡ ಜೇಡಿ ತೊಳೆದು ಹೋಗುತ್ತದೆ. ಒಡ್ಡಿನ ಹಿಂದೆ ನೀರು ನಿಂತ ಕಡೆ ಈ ತೊಳೆತ ಇಲ್ಲ. ಬೇಸಿಗೆಯಲ್ಲಿ ಅಲ್ಲಿ ಜೇಡಿ ಒಣಗಿ, ಹಪ್ಪಳದ ಹಾಗೆ ಸುರುಳಿ ಎದ್ದಿರುವುದನ್ನು ನೋಡಿರ್ತೀರಿ. ಅಂಥ ಪದರ ಬಿದ್ದ ಮೇಲೆ ಒಳಗೆ ನೀರು ಇಂಗುವುದೂ ಕಷ್ಟ.

ಪ್ರಶ್ನೆ: ಒರತೆಯ ಮೊದಲ ನೀರು ಮಾತ್ರ ರಾಡಿ, ಯಾಕೆ? ಕುಡಿಯಬಹುದಾ?

ಉತ್ತರ: ನೀವು ಹುಡುಕುತ್ತಿದ್ದ ಕೆಂಪು ಅದೇ ಅಲ್ವಾ! ಹರಳಿಗೆ ಅಂಟಿದ್ದ ಜೇಡಿಯನ್ನು ನಿಮ್ಮ ಕೈಯೇ ಎಬ್ಬಿಸಿದೆ. ಎರಡು ಮೂರು ಸಲ ಮೊಗೆದು ಚೆಲ್ಲಿ, ತಿಳಿಯಾಗುತ್ತದೆ. ಕುಡಿಯುವುದಾದರೆ ಕುದಿಸಿಯೇ ಕುಡಿಯಿರಿ, ತಿಳಿನೀರಲ್ಲೂ ರೋಗಾಣು ಇರಬಹುದು.