‘ಹೋಗಿರಿ’ ಅಂದಿದ್ದು ನಿಜ, ‘ಬನ್ನಿ’ ಅಂದವರು ಯಾರು?

ಪ್ರಿಯ ಸಹೋದರಿ, ವಂದನೆಗಳು.

ನಿಮ್ಮ ಪತ್ರ ಕೈಸೇರಿ ಎರಡು ವಾರ ಆಯಿತು. ಸುಮ್ನೆ ನಾಲ್ಕು ಸಾಲು ಬರೆದು ಮುಗಿಸುವ ವಿಷಯ ಇದಲ್ಲ ಅನಿಸಿದ್ದರಿಂದ ತಡವಾಯಿತು, ಕ್ಷಮಿಸಿ. ಹೆಸರು, ಸಭೆ ಯಾವುದನ್ನೂ ಹಾಕಬೇಡಿ ಎಂದಿದ್ದೀರಿ. ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ವಿಷಯವನ್ನಷ್ಟೇ ಹೇಳುತ್ತೇನೆ.

ನೀವು ಕರಾವಳಿಯ ಒಂದು ಚರ್ಚ್ ಸಭೆಯಲ್ಲಿ ಸಂಡೆ ಸ್ಕೂಲ್ ಟೀಚರ್. ನಿಮ್ಮ ಯೂತ್ ಗುಂಪಿನ 14 ಮಂದಿ ದಸರಾ ರಜೆಯಲ್ಲಿ ಹತ್ತು ದಿನ ನೇಪಾಳಕ್ಕೆ ಮಿಷನ್ ಟ್ರಿಪ್ ಹೊರಟಿದ್ದಾರೆ. ಜವಾಬ್ದಾರಿ ನಿಮ್ಮದು. ತಲೆಗೆ 30,000 ರೂಪಾಯಿಯಂತೆ 4,20,000 ಖರ್ಚು. ಅಲ್ಲಿಯ ತಾನ್ಸೆನ್ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಶಾಲೆಗೆ ಬಣ್ಣ ಬಳಿಯುವುದು, ಕಠ್ಮಂಡುವಿನ ಒಂದು ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಎರಡು ದಿನ, ಪೇಟೆಯಲ್ಲಿ ಕಿರುನಾಟಕ ಮತ್ತು ಕರಪತ್ರ. ಇದು ನಿಮ್ಮ ಪ್ಲಾನ್. ಸಭೆಯ ಹಿರಿಯರೊಬ್ಬರು, ‘ಅಷ್ಟು ದುಡ್ಡನ್ನು ಅಲ್ಲಿಗೇ ಕಳಿಸಿದರೆ ಆಗುವುದಿಲ್ಲವಾ?’ ಎಂದು ಕೇಳಿದ್ದಾರೆ. ಯೂತ್‌ನ ಹುಡುಗನೊಬ್ಬ ಎದ್ದು ನಿಂತು, ‘ಯೇಸು ಹೋಗಿರಿ ಅಂದ, ಕಳಿಸಿರಿ ಅನ್ನಲಿಲ್ಲ’ ಎಂದಿದ್ದಾನೆ. ಯಾರು ಸರಿ ಎಂಬುದು ನಿಮ್ಮ ಪ್ರಶ್ನೆ.

ಆ ಹುಡುಗನ ಮಾತು ನನಗೆ ತುಂಬ ಇಷ್ಟವಾಯಿತು. ಇಪ್ಪತ್ತರ ವಯಸ್ಸಿನಲ್ಲಿ ಹೋಗಬೇಕು ಎಂಬ ಆಸೆ ಹುಟ್ಟುವುದು ದೊಡ್ಡ ವಿಷಯ. ಅದನ್ನು ಆರಿಸಬೇಡಿ. ಆದರೆ ಪತ್ರವನ್ನು ಮೂರು ಸಲ ಓದಿದರೂ ಒಂದು ಮಾತು ನನಗೆ ಸಿಗಲಿಲ್ಲ. ಅಲ್ಲಿಂದ ‘ಬನ್ನಿ’ ಅಂದವರು ಯಾರು? ಬಣ್ಣ ಬೇಕು ಅಂದ ಶಾಲೆಯವರು ಯಾರು? ಅಲ್ಲಿಯ ಯಾವ ಸಭೆಯ ಪಾಸ್ಟರ್ ಜೊತೆ ನೀವು ಮಾತಾಡಿದ್ದೀರಿ? ಪ್ಲಾನ್ ಪೂರ್ತಿ ಇಲ್ಲೇ ತಯಾರಾದ ಹಾಗಿದೆ.

ಇದನ್ನು ಇಷ್ಟು ಒತ್ತಿ ಕೇಳಲು ಕಾರಣವಿದೆ. 1998ರಲ್ಲಿ ನಾನೂ ಇಂಥದ್ದೇ ಒಂದು ತಂಡದ ಜೊತೆ ನೇಪಾಳದ ಗುಡ್ಡದ ಹಳ್ಳಿಗೆ ಹೋಗಿದ್ದೆ. ನಾವು 11 ಮಂದಿ. ಆರು ದಿನ ಪಾಸ್ಟರ್ ಮನೆಯಲ್ಲೇ ಊಟ. ಅವರ ಹೆಂಡತಿಯನ್ನು ನಾವೆಲ್ಲ ದೀದಿ ಎನ್ನುತ್ತಿದ್ದೆವು. ಕತ್ತಲಿರುವಾಗಲೇ ಎದ್ದು ಒಲೆ ಹಚ್ಚುತ್ತಿದ್ದರು. ನಾವು ಪ್ರಾರ್ಥನಾ ಮಂದಿರದ ಗೋಡೆಗೆ ಸುಣ್ಣ ಬಳಿದೆವು. ಊರಿನ ನಾಲ್ಕು ಯುವಕರು ಕೈಕಟ್ಟಿ ನಿಂತು ನೋಡುತ್ತಿದ್ದರು. ನಾವು ನಗುತ್ತಾ ಫೋಟೋ ತೆಗೆಸಿಕೊಂಡೆವು. ಎಷ್ಟೋ ವರ್ಷದ ಮೇಲೆ, ಆ ನಾಲ್ವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಸಿಕ್ಕಿದರು. ಅವರ ಕಸುಬೇ ಪೇಂಟಿಂಗ್! ಆಗ ದೆಹಲಿಯಲ್ಲಿ ಕೆಲಸ ಮಾಡುತ್ತಾ ರಜೆಗೆ ಊರಿಗೆ ಬಂದಿದ್ದರಂತೆ. ನಾವು ಹಳೆಯ ಪದರ ಕೆರೆಯದೆ ಬಳಿದಿದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಸುಣ್ಣ ಎದ್ದು ಬಂತು, ಅವರೇ ಮತ್ತೆ ಕೆರೆದು ಬಳಿದರು. ನಮ್ಮ ಊಟಕ್ಕೆ ದೀದಿ ಅಂಗಡಿಯಲ್ಲಿ ಅಕ್ಕಿ ಸಾಲ ತಂದಿದ್ದರು ಎಂಬುದೂ ಅವರಿಂದಲೇ ಗೊತ್ತಾಯಿತು. ಯಾವ ಸಿಟ್ಟೂ ಇಲ್ಲದೆ, ಪ್ರೀತಿಯಿಂದಲೇ ಹೇಳಿದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. 1998ರಲ್ಲೇ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಹಾಳುಗೆಡವಿತು. ಅಮೆರಿಕದಿಂದ ಸಭೆಗಳ ತಂಡಗಳು ಹೋಗಿ ಮನೆ ಕಟ್ಟಿಕೊಟ್ಟವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಅದರ ಲೆಕ್ಕ ನೋಡಿದರು. ಅವರೂ ವಿಶ್ವಾಸಿಗಳೇ, ಅಲ್ಲೇ ನೆಲೆಸಿದ್ದವರು. ಊರಿನ ಸಂಸ್ಥೆ ಸುಮಾರು 2,000 ಡಾಲರ್‌ಗೆ ಕಟ್ಟುತ್ತಿದ್ದ ಮನೆಗೆ, ತಂಡದ ಪ್ರಯಾಣವೂ ಸೇರಿದರೆ ಸುಮಾರು 30,000 ಡಾಲರ್ ಆಗುತ್ತಿತ್ತು. ಮನೆ ಪಡೆದವರ ಬದುಕಿನಲ್ಲಿ, ಕಟ್ಟಿದವರು ಯಾರು ಎಂಬುದರಿಂದ ವ್ಯತ್ಯಾಸವೇನೂ ಆಗಿರಲಿಲ್ಲ. ಹೋಗಿ ಬಂದವರಲ್ಲೂ ಹೆಚ್ಚಿನವರ ಬದುಕು, ಕಾಣಿಕೆ ಮೊದಲಿನ ಹಾಗೇ ಇತ್ತು. ನಿಮ್ಮ ಹಿರಿಯರ ಮಾತಿಗೆ ತೂಕವಿದೆ ಎಂದು ಹೇಳಲು ಇದನ್ನು ಬರೆದೆ.

ಆದರೂ ಬರೀ ದುಡ್ಡು ಕಳಿಸಿ ಎಂದು ನಾನು ಹೇಳುವುದಿಲ್ಲ. ದುಡ್ಡು ಕಳಿಸಿದರೆ ನಿಮ್ಮ ಮಕ್ಕಳಿಗೆ ಅಲ್ಲಿಯವರ ಮುಖ ಗೊತ್ತಾಗುವುದಿಲ್ಲ. ನೆಂಟರ ಮನೆಗೆ ಹೋಗಿ ಬರುವುದಕ್ಕೂ ಮನಿಯಾರ್ಡರ್ ಕಳಿಸುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ನಾನು ಕೇಳುವುದು ಇಷ್ಟೇ. ನೆಂಟರ ಹಾಗೆ ಹೋಗಿ. ಸಭೆಯಲ್ಲಿ ಕಾಣಿಕೆ ಎತ್ತುವಾಗಲೂ ‘ನೇಪಾಳದ ಬಡವರಿಗಾಗಿ’ ಅನ್ನಬೇಡಿ. ‘ನಮ್ಮ ಮಕ್ಕಳು ನೇಪಾಳದ ಸಭೆಯನ್ನು ನೋಡಿ ಕಲಿತು ಬರಲಿ’ ಎನ್ನಿ. ಅದು ನಿಜ. ಅದಕ್ಕೂ ಜನ ಕೊಡುತ್ತಾರೆ.

ನೇಪಾಳದ ಸಭೆಯಿಂದ ಕಲಿಯುವುದು ಜಾಸ್ತಿಯೇ ಇದೆ. 1950ರ ಸುಮಾರಿಗೆ ಆ ದೇಶದೊಳಗೆ ಕ್ರೈಸ್ತರು ಇರಲೇ ಇಲ್ಲ ಎನ್ನಬಹುದು. ಗಡಿಯ ಈಚೆ, ನಮ್ಮ ದೇಶದಲ್ಲಿದ್ದ ನೇಪಾಳಿ ವಿಶ್ವಾಸಿಗಳೇ ನಡೆದುಕೊಂಡು ಹೋಗಿ 1952ರಲ್ಲಿ ಪೊಖರಾದಲ್ಲಿ ಸಭೆ ಶುರು ಮಾಡಿದರು. ಮುಂದೆ ಎಷ್ಟೋ ಜನ ಜೈಲಿಗೂ ಹೋದರು. 2021ರ ಜನಗಣತಿಯಲ್ಲಿ ಕ್ರೈಸ್ತರ ಸಂಖ್ಯೆ 5 ಲಕ್ಷ ದಾಟಿದೆ. ಇದರಲ್ಲಿ ಹತ್ತು ದಿನಕ್ಕೆ ಬಂದು ಹೋದವರ ಪಾಲು ಎಷ್ಟಿರಬಹುದು, ನೀವೇ ಯೋಚಿಸಿ.

ತಾನ್ಸೆನ್ ಹೆಸರು ಬರೆದಿದ್ದೀರಿ, ಅದರ ಕಥೆಯನ್ನೂ ನಿಮ್ಮ ಮಕ್ಕಳಿಗೆ ಹೇಳಿ. ಮಸ್ಸೂರಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ರಾಬರ್ಟ್ ಫ್ಲೆಮಿಂಗ್ ಎಂಬ ಮಿಷನರಿ ಹಕ್ಕಿಗಳ ಅಧ್ಯಯನಕ್ಕೆಂದು ಅಲ್ಲಿಗೆ ಹೋದರು. ಜೊತೆಗಿದ್ದ ಡಾಕ್ಟರು ರೋಗಿಗಳನ್ನು ನೋಡಿದರು. ನಮಗೊಂದು ಆಸ್ಪತ್ರೆ ಬೇಕು ಎಂದು ಊರಿನವರೇ ಕೇಳಿದರು. ಸರ್ಕಾರಕ್ಕೆ ಅರ್ಜಿ ಹೋಯಿತು, ಒಪ್ಪಿಗೆ ಬಂತು. ಆಮೇಲೆ 1954ರಲ್ಲಿ ಹಲವು ಮಿಷನ್‌ಗಳವರು ನಾಗಪುರದಲ್ಲಿ ಸೇರಿ ಯುನೈಟೆಡ್ ಮಿಷನ್ ಟು ನೇಪಾಳ್ ಎಂಬ ಸಂಸ್ಥೆ ಕಟ್ಟಿದರು. ಮತಾಂತರ ಮಾಡಬಾರದು ಎಂಬ ಷರತ್ತನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಿದರು. ತಾನ್ಸೆನ್‌ನ ಆ ಆಸ್ಪತ್ರೆ ಈಗಲೂ ನಡೆಯುತ್ತಿದೆ. ಅಲ್ಲಿ ಕೇಳಿದವರು ಮೊದಲು, ಹೋದವರು ಆಮೇಲೆ.

ನಮ್ಮ ಮಂಗಳೂರಿನ ಕಥೆಯೂ ನಿಮಗೆ ಗೊತ್ತು. 1834ರಲ್ಲಿ ಬಾಸೆಲ್ ಮಿಷನ್‌ನವರು ಬಂದಿಳಿದರು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಭಾಷೆ ಕಲಿಯಲು ವರ್ಷಗಟ್ಟಲೆ ಕೊಟ್ಟವರನ್ನು ನಮ್ಮ ಅಜ್ಜಂದಿರು ನೋಡಿದ್ದಾರೆ. ಹತ್ತು ದಿನದ ಪ್ರಯಾಣಕ್ಕೂ ಅದಕ್ಕೂ ಒಂದೇ ಹೆಸರು ಇಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಿಮ್ಮ ಪ್ಲಾನ್‌ನಲ್ಲಿ ಬಿಡಲೇಬೇಕಾದ ಎರಡು ವಿಷಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು, ಪೇಟೆಯ ನಾಟಕ ಮತ್ತು ಕರಪತ್ರ. ನೇಪಾಳ ಜಾತ್ಯತೀತ ದೇಶವಾಗಿದೆ, ಆದರೆ 2015ರ ಸಂವಿಧಾನವೇ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ತಡೆಯುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ಏಳು ದಿನದೊಳಗೆ ಗಡೀಪಾರು. ನಿಮ್ಮ ಮಕ್ಕಳು ಧೈರ್ಯವಂತರು, ನಾವು ಹೆದರುವುದಿಲ್ಲ ಎನ್ನಬಹುದು. ಆದರೆ ಅವರು ಹತ್ತನೇ ದಿನ ರೈಲು ಹತ್ತುತ್ತಾರೆ. ಹನ್ನೊಂದನೇ ದಿನ ಪೊಲೀಸರು ಕರೆಯುವುದು ಅಲ್ಲಿಯ ಪಾಸ್ಟರನ್ನು. ಅವರ ಮಕ್ಕಳು ಅದೇ ಊರಿನ ಶಾಲೆಗೆ ಹೋಗಬೇಕು, ಅವರು ಅದೇ ಅಕ್ಕಪಕ್ಕದ ಮನೆಯವರ ಜೊತೆ ಬದುಕಬೇಕು. ನಮ್ಮ ಧೈರ್ಯದ ಬೆಲೆಯನ್ನು ಬೇರೆಯವರು ಕೊಡುವುದು ಬೇಡ. ಯಾರಾದರೂ ‘ನೀವು ಯಾಕೆ ಹೀಗಿದ್ದೀರಿ’ ಎಂದು ಕೇಳಿದರೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನೂ ಅಲ್ಲಿಯ ಸಭೆಯವರ ಹತ್ತಿರವೇ ಕೇಳಿಕೊಳ್ಳಿ.

ಎರಡು, ಅನಾಥಾಶ್ರಮ. ಇದು ಇನ್ನೂ ಮುಖ್ಯ. ನೇಪಾಳದ ಇಂಥ ಆಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂಥ ದೂರದ ಜಿಲ್ಲೆಗಳಿಗೆ ದಲ್ಲಾಳಿಗಳು ಹೋದರು. ಮಗುವನ್ನು ಓದಿಸುತ್ತೇವೆ ಎಂದು ತಂದೆ ತಾಯಿಯಿಂದ ದುಡ್ಡು ತೆಗೆದುಕೊಂಡು ಮಕ್ಕಳನ್ನು ಕಠ್ಮಂಡುವಿಗೆ ತಂದರು. ಅಲ್ಲಿ ಅವರನ್ನು ಅನಾಥರೆಂದು ತೋರಿಸಿ ವಿದೇಶಿಯರಿಂದ ದೇಣಿಗೆ ಎತ್ತಿದರು. 2015ರ ಭೂಕಂಪದ ನಂತರ ಇದು ಮತ್ತೆ ಹೆಚ್ಚಬಹುದೆಂದು ಹೆದರಿ ಸರ್ಕಾರ, ಹೆತ್ತವರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಆಚೆ ಒಯ್ಯುವುದಕ್ಕೆ ತಡೆ ಹಾಕಿತು. ಎಲ್ಲ ಆಶ್ರಮಗಳೂ ಹೀಗೆ ಎನ್ನುತ್ತಿಲ್ಲ. ಪ್ರಾಮಾಣಿಕವಾಗಿ ನಡೆಸುವವರೂ ಇದ್ದಾರೆ. ಆದರೆ ಎರಡು ದಿನಕ್ಕೆ ಬಂದ ನಮಗೆ ಅದು ಗೊತ್ತಾಗುವುದು ಹೇಗೆ? ಒಳ್ಳೆಯ ಆಶ್ರಮವೇ ಆದರೂ, ತಬ್ಬಿಕೊಂಡು ಆಟವಾಡಿ ಎರಡೇ ದಿನಕ್ಕೆ ಹೊರಟು ಹೋಗುವವರನ್ನು ಆ ಮಕ್ಕಳು ವರ್ಷಕ್ಕೆ ಎಷ್ಟು ಸಲ ನೋಡಬೇಕು? ನೀವು ಸಂಡೆ ಸ್ಕೂಲ್ ಟೀಚರ್. ಒಂದು ಮಗು ನಿಮಗೆ ಒಗ್ಗಿಕೊಳ್ಳಲು ಎಷ್ಟು ಭಾನುವಾರ ಬೇಕು ಎಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ದಿನಾಂಕವನ್ನೂ ಬದಲಿಸಿ. ನಮ್ಮ ದಸರಾ ಸಮಯದಲ್ಲೇ ಅವರ ದಶೈಂ. ಅವರಿಗೆ ವರ್ಷದ ದೊಡ್ಡ ಹಬ್ಬ. ಶಾಲೆಗೆ ರಜೆ, ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ಕಠ್ಮಂಡುವಿನ ಜನ ಊರಿಗೆ ಹೊರಟಿರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಯ ಕ್ರೈಸ್ತರಿಗೆ ಅದು ಮನಸ್ಸು ಹಿಂಡುವ ಸಮಯ. ವಿಜಯದಶಮಿಯ ದಿನ ಮನೆಯ ಹಿರಿಯರು ಕಿರಿಯರ ಹಣೆಗೆ ಟೀಕಾ ಇಟ್ಟು ಆಶೀರ್ವಾದ ಮಾಡುತ್ತಾರೆ. ವಿಶ್ವಾಸಿಗಳಲ್ಲಿ ಬಹಳ ಮಂದಿ ಅದನ್ನು ಹಾಕಿಸಿಕೊಳ್ಳುವುದಿಲ್ಲ. ಅಪ್ಪ ಅಮ್ಮನಿಗೆ ಅದು ನೋವು. ಆ ವಾರ ಅವರು ತಮ್ಮ ಮನೆಯವರ ಜೊತೆ ಇರಬೇಕು, ಹದಿನಾಲ್ಕು ಹೊಸಬರಿಗೆ ಅಡುಗೆ ಮಾಡುತ್ತಾ ಅಲ್ಲ. ಮೇ ತಿಂಗಳಲ್ಲಿ ಹೋಗಿ. ಹದಿನಾಲ್ಕರ ಬದಲು ಐದಾರು ಮಂದಿ ಸಾಕು. (ಗಡಿಯಲ್ಲಿ ಆಧಾರ್ ತೋರಿಸಿದರೆ ಸಾಲದು, ಎಲ್ಲರೂ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಲಿ.)

ಹಾಗಾದರೆ ಅಲ್ಲಿ ಹೋಗಿ ಮಾಡುವುದೇನು ಎಂದು ಮಕ್ಕಳು ಕೇಳುತ್ತಾರೆ. ಲೂಕನ ಹತ್ತನೇ ಅಧ್ಯಾಯವನ್ನು ಅವರ ಜೊತೆ ಓದಿ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸುವಾಗ ಚೀಲ ಬೇಡ ಅಂದ, ಮನೆಯಿಂದ ಮನೆಗೆ ತಿರುಗಬೇಡಿ ಅಂದ, ಬಡಿಸಿದ್ದನ್ನು ಊಟ ಮಾಡಿ ಅಂದ. ಅವನ ಕಾಲದಲ್ಲಿ ಹೋದವರು ಕೊಡುವವರಾಗಿ ಹೋಗಲಿಲ್ಲ, ಇನ್ನೊಬ್ಬರ ಮನೆಯ ಅನ್ನ ತಿನ್ನುವವರಾಗಿ ಹೋದರು.

ಒಂದೇ ಊರು, ಒಂದೇ ಸಭೆ. ಅಲ್ಲಿ ಆರಾಧನೆ ಶನಿವಾರ, ವಾರದ ರಜೆ ಅವತ್ತೇ. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರುತ್ತಾರೆ. ಎದುರಾದವರು ಕೈಮುಗಿದು ‘ಜಯಮಸೀ’ ಅನ್ನುತ್ತಾರೆ. ಮಾದಲ್ ಎಂಬ ಡೋಲು ಬಾರಿಸುತ್ತಾ ಹಾಡುತ್ತಾರೆ. ನಿಮ್ಮವರು ಒಂದು ಕನ್ನಡ ಹಾಡು ಹಾಡಲಿ, ಎರಡು ನೇಪಾಳಿ ಹಾಡು ಕಲಿಯಲಿ. ಕೆಲಸ ಬೇಕೇ ಬೇಕು ಎಂದರೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲಿ. ಊಟದ ಖರ್ಚನ್ನು ಮೊದಲೇ ಕಳಿಸಿಬಿಡಿ. ಕೈಯಲ್ಲಿ ಕೊಡಲು ಹೋದರೆ ಅವರು ತೆಗೆದುಕೊಳ್ಳುವುದಿಲ್ಲ.

ಮತ್ತೆ, ಮನೆಗಳಿಗೆ ಹೋಗಿ ಕೂರಲಿ. ಗುಡ್ಡದ ಹಳ್ಳಿಗಳಲ್ಲಿ ಗಂಡಸರು ಕಡಿಮೆ. ಕತಾರ್, ಸೌದಿ, ಮಲೇಷ್ಯಾ, ಇಲ್ಲವೇ ನಮ್ಮ ದೇಶ. ನೇಪಾಳದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗದಷ್ಟು ಹಣ ಹೀಗೆ ಹೊರಗೆ ದುಡಿಯುವವರು ಕಳಿಸಿದ್ದು. ನಿಮ್ಮ ಯೂತ್‌ನಲ್ಲಿ ಅಪ್ಪ ಗಲ್ಫ್‌ನಲ್ಲಿರುವ ಮಕ್ಕಳು ಎಷ್ಟಿದ್ದಾರೆ? ನಮ್ಮ ಕರಾವಳಿಯಲ್ಲಿ ಇಲ್ಲದೇ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಅಪ್ಪ, ಫೋನಿನಲ್ಲೇ ಕಳೆಯುವ ಕ್ರಿಸ್ಮಸ್, ಏರ್‌ಪೋರ್ಟಿನಲ್ಲಿ ಅಮ್ಮ ಅಳು ತಡೆದುಕೊಳ್ಳುವುದು. ಇದು ನಿಮ್ಮ ಮಕ್ಕಳಿಗೆ ಗೊತ್ತು. ತಾನ್ಸೆನ್ ಪಕ್ಕದ ಹಳ್ಳಿಯ ಹುಡುಗಿಗೂ ಗೊತ್ತು. ಅವರಿಬ್ಬರು ಅರ್ಧ ಹಿಂದಿಯಲ್ಲಿ ಕೂತು ಮಾತಾಡಿದರೆ ಆಗುವುದು ಬಣ್ಣದ ಡಬ್ಬಿಯಿಂದ ಆಗುವುದಿಲ್ಲ. ಬಂದ ಮೇಲೆ ಪ್ರಾರ್ಥನೆಯಲ್ಲಿ ಆ ಹುಡುಗಿಯ ಹೆಸರು ಬರುತ್ತದೆ. ಮುಂದಿನ ವರ್ಷ ಮತ್ತೆ ಅದೇ ಊರಿಗೆ ಹೋಗಿ. ಅವರಲ್ಲಿ ಇಬ್ಬರನ್ನು ನಿಮ್ಮ ಬೆಳೆ ಹಬ್ಬಕ್ಕೂ ಕರೆಯಿರಿ. 4,20,000ದಲ್ಲಿ ಉಳಿಯುವ ದುಡ್ಡನ್ನು ಏನು ಮಾಡಬೇಕೆಂದು ಆ ಸಭೆಯವರನ್ನೇ ಕೇಳಿ. ಅವರು ಬಣ್ಣ ಅಂದರೆ ಬಣ್ಣ, ಅಲ್ಲಿಯ ಪೇಂಟರ್‌ಗೇ ಕೆಲಸ ಸಿಗುತ್ತದೆ.

ಪತ್ರದ ಕೊನೆಯಲ್ಲಿ ನೀವು ಒಂದು ಸಾಲು ಬರೆದಿದ್ದೀರಿ. ಯೂತ್ ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಚರ್ಚ್ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಪ್ಲಾನ್ ಮಾಡಿದಿರಿ, ಟೀ ತಂದುಕೊಟ್ಟ ಹುಡುಗ ನೇಪಾಳದವನು ಎಂದು. ಅವನ ಹೆಸರು ಬರೆದಿಲ್ಲ. ಮುಂದಿನ ಮೀಟಿಂಗ್ ದಿನ ಅವನ ಕೆಲಸ ಮುಗಿಯುವವರೆಗೆ ಕಾದು ಅವನ ಜೊತೆ ಕೂರಿ. ಹೆಸರು ಕೇಳಿ, ಊರು ಕೇಳಿ, ಮನೆಯಲ್ಲಿ ಯಾರಿದ್ದಾರೆ ಕೇಳಿ. ಅವನು ಯಾವ ದೇವರನ್ನು ನಂಬುತ್ತಾನೆ ಎಂಬುದು ಅವತ್ತಿನ ಮಾತಲ್ಲ. ನಿಮ್ಮ ಮಕ್ಕಳಿಗೆ ವಾರಕ್ಕೆರಡು ದಿನ ನೇಪಾಳಿ ಹೇಳಿಕೊಡುತ್ತಾನಾ ಎಂದು ಕೇಳಿ, ಅದಕ್ಕೆ ಸರಿಯಾದ ಫೀಸ್ ಕೊಡಿ. ಅವನು ಏನಂದ ಎಂದು ನನಗೆ ಬರೆಯಿರಿ. ಆಮೇಲೆ ಟಿಕೆಟ್ ವಿಷಯ ಮಾತಾಡೋಣ.

ಪ್ರೀತಿಯಿಂದ,
ಸಂಪಾದಕ