ಅಕ್ಕಪಕ್ಕದ ರನ್‌ವೇಗಳಲ್ಲಿ ಒಟ್ಟಿಗೇ ಇಳಿಯುವ ವಿಮಾನಗಳು ಡಿಕ್ಕಿ ಆಗಲ್ವಾ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವಾಗ ಪಕ್ಕದಲ್ಲೇ ಇನ್ನೊಂದು ವಿಮಾನ ಇಳಿಯುತ್ತಿತ್ತು, ಅದರ ಕಿಟಕಿಗಳನ್ನು ಎಣಿಸುವಷ್ಟು ಹತ್ತಿರ ಇತ್ತು, ಇದು ಸೇಫಾ, ಬೆಂಗಳೂರಲ್ಲೂ ಹೀಗೇನಾ ಅಂತ ಕೇಳಿದ್ದೀರಿ. ನಾನು ವರ್ಷಗಟ್ಟಲೆ ಅಪ್ರೋಚ್ ರಾಡಾರ್ (ಇಳಿಯಲು ಬರುವ ವಿಮಾನಗಳನ್ನು ತೋರಿಸುವ ಪರದೆ) ಮುಂದೆ ಕೂತು ವಿಮಾನಗಳನ್ನು ಸಾಲಿಗೆ ತಂದವನು, ಈಗ ನಿವೃತ್ತ. ಎರಡೂ ನೇರವಾಗಿ ಇಳಿಯುತ್ತಿರುವ ಆ ಹೊತ್ತು ನಮಗೆ ಅಷ್ಟೇನೂ ಚಿಂತೆಯದ್ದಲ್ಲ. ಎದೆ ಡವಡವ ಅನ್ನುವುದು ಅದಕ್ಕೂ ಮೊದಲು, ಅವು ತಮ್ಮ ತಮ್ಮ ಗೆರೆಗೆ, ಅಂದರೆ ರನ್‌ವೇಗೆ ನೇರವಾದ ದಾರಿಗೆ, ತಿರುಗುವಾಗ.

ಮೊದಲು ನೀವು ಕಂಡ ದೃಶ್ಯ. ಅಲ್ಲಿನ 28 ಎಲ್ (ಎಡ) ಮತ್ತು 28 ಆರ್ (ಬಲ) ರನ್‌ವೇಗಳ ನಡುಗೆರೆಗಳ ನಡುವೆ ಇರುವುದು ಬರೀ 750 ಅಡಿ, ಅಂದರೆ ಸುಮಾರು 229 ಮೀಟರ್. ಬೋಯಿಂಗ್ 777-300 ಇಆರ್ ರೆಕ್ಕೆಯ ಅಗಲವೇ ಹೆಚ್ಚುಕಮ್ಮಿ 65 ಮೀಟರ್. ಅಂಥ ಎರಡು ಜೊತೆಯಾಗಿ ಇಳಿದರೆ ರೆಕ್ಕೆ ತುದಿಯಿಂದ ರೆಕ್ಕೆ ತುದಿಗೆ 164 ಮೀಟರ್ ಉಳಿಯುತ್ತದೆ. ಪಕ್ಕದ ಹಳಿಯಲ್ಲಿ ಅದೇ ಸ್ಪೀಡಿನಲ್ಲಿ ಓಡುವ ರೈಲಿನ ಹಾಗೆ ಅದು ಕಿಟಕಿಯಲ್ಲಿ ನಿಂತೇ ಇದ್ದಂತೆ ಕಾಣುತ್ತದೆ. ಇಲ್ಲಿ ಗಮನಿಸಬೇಕಾದ್ದು ಒಂದೇ. ನಿಂತಲ್ಲೇ ನಿಂತು ದೊಡ್ಡದಾಗುತ್ತಾ ಬಂದರೆ ಅಪಾಯ. ಅಷ್ಟೇ ಗಾತ್ರದಲ್ಲಿ ಉಳಿದರೆ ಎರಡೂ ಸಮಾನಾಂತರವಾಗಿ ಹೋಗುತ್ತಿವೆ ಅಂತ ಅರ್ಥ.

ಈಗ ತಿರುಗುವ ವಿಷಯಕ್ಕೆ ಬರೋಣ. ವಿಮಾನಗಳು ಎರಡು ಕಡೆಯಿಂದ ಬಂದು ಒಳಮುಖವಾಗಿ ತಿರುಗಿ ಗೆರೆ ಹಿಡಿಯುತ್ತವೆ. ಒಂದು ತಿರುಗುವುದು ಸ್ವಲ್ಪ ತಡವಾದರೆ, ಅಥವಾ ಹಿಂದಿನಿಂದ ಗಾಳಿ ದೂಡಿದರೆ, ತನ್ನ ಗೆರೆ ದಾಟಿ ಪಕ್ಕದವರ ಗೆರೆಗೆ ನುಗ್ಗುತ್ತದೆ. ಹೀಗಾಗುವುದು ಅಪರೂಪವೇನಲ್ಲ. ಅದಕ್ಕೇ ಪೈಲಟ್‌ಗಳು ಒಬ್ಬರನ್ನೊಬ್ಬರು ಕಣ್ಣಲ್ಲಿ ನೋಡಿಕೊಳ್ಳದೆ, ಬರೀ ಉಪಕರಣ ನಂಬಿ ಇಳಿಯುವಾಗ ನಿಯಮ ಬಿಗಿ. ಒಂದು 5,000 ಅಡಿಯಲ್ಲಿ ಗೆರೆ ಹಿಡಿದರೆ ಇನ್ನೊಂದು 4,000 ಅಡಿಯಲ್ಲಿ ಹಿಡಿಯಬೇಕು. ಎರಡೂ ತಮ್ಮ ಲೋಕಲೈಸರ್ (ರನ್‌ವೇಯ ನಡುಗೆರೆ ತೋರಿಸುವ ರೇಡಿಯೋ ಸಂಕೇತ) ಮೇಲೆ ಸರಿಯಾಗಿ ಕೂತಿವೆ ಅಂತ ಖಾತ್ರಿ ಆಗುವ ತನಕ ಆ ಸಾವಿರ ಅಡಿ ಅಂತರವನ್ನೋ, ಅದಿಲ್ಲದಿದ್ದರೆ 3 ನಾಟಿಕಲ್ ಮೈಲಿ ದೂರವನ್ನೋ ಬಿಟ್ಟುಕೊಡುವ ಹಾಗಿಲ್ಲ. ಗೆರೆಗೆ ಬಂದು ಸೇರುವ ಕೋನವೂ 30 ಡಿಗ್ರಿ ಮೀರಬಾರದು. ಜಾಸ್ತಿ ಅಡ್ಡಡ್ಡ ಬಂದಷ್ಟೂ ದಾಟಿ ಹೋಗುವ ಸಾಧ್ಯತೆ ಜಾಸ್ತಿ.

ಗೆರೆ ಹಿಡಿದ ಮೇಲೂ ಸುಮ್ನೆ ಬಿಡುವುದಿಲ್ಲ. ಎರಡು ಗೆರೆಗಳ ಮಧ್ಯೆ ಕನಿಷ್ಠ 610 ಮೀಟರ್ ಅಗಲದ ಒಂದು ಪಟ್ಟಿಯನ್ನು ರಾಡಾರ್ ಪರದೆ ಮೇಲೆ ಗುರುತು ಮಾಡಿರುತ್ತಾರೆ. ಎನ್‌ಟಿಜಡ್ ಅಂತ ಹೆಸರು, ಯಾರೂ ಕಾಲಿಡಬಾರದ ಜಾಗ. ಅದನ್ನು ನೋಡುವುದಕ್ಕೆಂದೇ ಒಬ್ಬ ಕಂಟ್ರೋಲರ್ ಇರುತ್ತಾರೆ. ರನ್‌ವೇಗಳು 1,310 ಮೀಟರ್ ದೂರ ಇದ್ದರೆ ಪ್ರತಿ ವಿಮಾನಕ್ಕೂ ಆ ಪಟ್ಟಿ ಮುಟ್ಟುವ ಮೊದಲು 350 ಮೀಟರ್ ಅವಕಾಶ. ಯಾರಾದರೂ ದಾರಿ ತಪ್ಪಿದರೆ "ನಿಮ್ಮ ಗೆರೆಗೆ ವಾಪಸ್ ಬನ್ನಿ" ಅಂತ ಮೊದಲು ಹೇಳುತ್ತಾರೆ. ಆದರೆ ಪಟ್ಟಿಯೊಳಕ್ಕೆ ನುಗ್ಗಿಬಿಟ್ಟರೆ ಅವರನ್ನು ತಿದ್ದುತ್ತಾ ಕೂರುವುದಿಲ್ಲ. ಏನೂ ತಪ್ಪು ಮಾಡದೆ ತನ್ನ ಪಾಡಿಗೆ ಇಳಿಯುತ್ತಿರುವ ಪಕ್ಕದ ವಿಮಾನವನ್ನೇ "ತಕ್ಷಣ ತಿರುಗಿ, ಮೇಲೇರಿ" ಅಂತ ಓಡಿಸುತ್ತಾರೆ. ತಪ್ಪಿದವರ ರೇಡಿಯೋ ಕೆಟ್ಟಿರಬಹುದು, ಅವರ ಕಾಕ್‌ಪಿಟ್‌ನಲ್ಲಿ ಏನೋ ಗಡಿಬಿಡಿ ಇರಬಹುದು. ಮಾತು ಕೇಳುವವರನ್ನು ಸರಿಸುವುದೇ ಜಾಣತನ ಅಲ್ವಾ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ಪಟ್ಟಿಗೇ ಜಾಗ ಇಲ್ಲ. ನೀವೇ ಲೆಕ್ಕ ಹಾಕಿ ನೋಡಿ. ಇಳಿಯುವ ವೇಗ 140 ನಾಟ್ ಅಂದರೆ ಸೆಕೆಂಡಿಗೆ 72 ಮೀಟರ್. ಒಂದು ವಿಮಾನ 30 ಡಿಗ್ರಿ ಪಕ್ಕಕ್ಕೆ ಹೊರಳಿದರೆ ಸೆಕೆಂಡಿಗೆ 36 ಮೀಟರ್‌ನಂತೆ ಪಕ್ಕದವರ ಕಡೆ ಸರಿಯುತ್ತದೆ. 229 ಮೀಟರ್ ದಾಟಲು ಆರು ಸೆಕೆಂಡ್ ಚಿಲ್ಲರೆ ಸಾಕು. ಮಾಮೂಲಿ ಏರ್‌ಪೋರ್ಟ್ ರಾಡಾರ್ ಒಂದು ಸುತ್ತು ಬರುವುದಕ್ಕೇ 4-5 ಸೆಕೆಂಡ್ ಬೇಕು. ಕಂಟ್ರೋಲರ್ ಬಾಯಿ ತೆರೆಯುವಷ್ಟರಲ್ಲಿ ಮುಗಿದಿರುತ್ತದೆ.

ಹಾಗಾಗಿ ನೀವು ಕಂಡ ಹಾಗೆ ಜೊತೆಯಾಗಿ ಇಳಿಸುತ್ತಿದ್ದ ಕಾಲದಲ್ಲಿ ಅಲ್ಲಿ ಜವಾಬ್ದಾರಿ ಪೈಲಟ್‌ಗಳ ಕಣ್ಣಿನ ಮೇಲಿತ್ತು. "ಪಕ್ಕದ ವಿಮಾನ ಕಾಣುತ್ತಿದೆ" ಅಂತ ಪೈಲಟ್ ರೇಡಿಯೋದಲ್ಲಿ ಒಪ್ಪಿಕೊಂಡ ಮೇಲೆ "ಅದನ್ನು ನೋಡಿಕೊಂಡೇ ಅಂತರ ಕಾಪಾಡಿ" ಅನ್ನುತ್ತಿದ್ದರು ಕಂಟ್ರೋಲರ್. ಹಿಂದೆ ಇರುವವರಿಗೆ "ಅವರನ್ನು ದಾಟಬೇಡಿ" ಅಂತಲೂ ಹೇಳುತ್ತಿದ್ದರು, ಯಾಕೆಂದರೆ ದೊಡ್ಡ ವಿಮಾನ ಮುಂದೆ ಹೋದರೆ ಅದರ ರೆಕ್ಕೆಯ ಸುಳಿಗಾಳಿ ಪಕ್ಕದ ಚಿಕ್ಕ ವಿಮಾನವನ್ನು ಅಲ್ಲಾಡಿಸಿಬಿಡುತ್ತದೆ. ಮಂಜು, ಮೋಡ ಕವಿದರೆ ಈ ಆಟ ನಡೆಯುತ್ತಿರಲಿಲ್ಲ. ಗಂಟೆಗೆ 60ರಷ್ಟು ಇಳಿಯುವ ಕಡೆ ಸುಮಾರು 30 ಇಳಿಯುತ್ತಿದ್ದವು. ಬೇ ಏರಿಯಾದಲ್ಲಿರುವ ನಮ್ಮವರು ಬೆಳಗಿನ ಫ್ಲೈಟ್ ತಡ ಅಂತ ಬೈದುಕೊಳ್ಳುತ್ತಿದ್ದುದಕ್ಕೆ ಎಷ್ಟೋ ಸಲ ಇದೇ ಕಾರಣ.

2023ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಿಂದ ಬಂದ ಲುಫ್ತಾನ್ಸಾ ವಿಮಾನ ಇದೇ ವಿಷಯಕ್ಕೆ ಸಿಕ್ಕಿಬಿತ್ತು. ರಾತ್ರಿ ಹೊತ್ತು ಕಣ್ಣಳತೆಯಲ್ಲಿ ಅಂತರ ಕಾಪಾಡಲು ನಮ್ಮ ಕಂಪನಿ ಬಿಡುವುದಿಲ್ಲ, ಐಎಲ್‌ಎಸ್ (ಉಪಕರಣ ನಂಬಿ ಇಳಿಯುವ ವ್ಯವಸ್ಥೆ) ಕೊಡಿ ಅಂದರು ಪೈಲಟ್. ಹಾಗಾದರೆ ತುಂಬಾ ಕಾಯಬೇಕು ಅಂದರು ಕಂಟ್ರೋಲರ್. ಕೊನೆಗೆ ವಿಮಾನ ಓಕ್‌ಲ್ಯಾಂಡ್‌ಗೆ ಹೋಗಿ ಇಳಿಯಿತು. ಆ ರೇಡಿಯೋ ಮಾತುಕತೆ ಕೇಳಿದವರು ಎರಡು ಗುಂಪಾಗಿ ಜಗಳ ಆಡಿದರು. ನಾನು ಕಂಟ್ರೋಲರ್ ಜಾತಿಯವನೇ ಆದರೂ ನನ್ನ ವೋಟು ಪೈಲಟ್‌ಗೆ. ರಾತ್ರಿಯಲ್ಲಿ ಕಾಣುವುದು ಬರೀ ದೀಪ. ಊರಿನ ದೀಪಗಳ ನಡುವೆ ಅದರ ದೂರ ಅಳೆಯುವುದು ಸುಲಭ ಅಲ್ಲ.

ಡಿಕ್ಕಿ ಆಗುವ ಮೊದಲು ಪೈಲಟ್‌ಗೆ ಎಚ್ಚರಿಕೆ ಕೊಡುವ ಯಂತ್ರ, ಟಿಕ್ಯಾಸ್, ವಿಮಾನದಲ್ಲೇ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿ ಬಳಿ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ನಮ್ಮಲ್ಲೂ ಅದನ್ನು ಕಡ್ಡಾಯ ಮಾಡಿದರು. ಒಳ್ಳೆಯ ಯಂತ್ರವೇ. ಆದರೆ ಅದು ಏರು ಅಥವಾ ಇಳಿ ಅನ್ನುತ್ತದೆ, ಎಡ-ಬಲ ಹೇಳುವುದಿಲ್ಲ. ನೆಲದಿಂದ ಸುಮಾರು ಸಾವಿರ ಅಡಿಗಿಂತ ಕೆಳಗೆ ಆ ಆಜ್ಞೆಗಳೂ ನಿಂತುಹೋಗುತ್ತವೆ. ಕೊನೆಯ ಒಂದು ನಿಮಿಷಕ್ಕೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಇನ್ನು ಬೆಂಗಳೂರು. ಕೆಂಪೇಗೌಡ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಿಂದ ಎರಡು ಸಮಾನಾಂತರ ರನ್‌ವೇಗಳಿವೆ. ಟರ್ಮಿನಲ್‌ಗಳೇ ಅವುಗಳ ಮಧ್ಯೆ ಕೂತಿವೆ, ಹಾಗಾಗಿ ಪಕ್ಕದ ವಿಮಾನದ ಕಿಟಕಿ ಎಣಿಸುವಷ್ಟು ಹತ್ತಿರ ಬರುವ ಪ್ರಶ್ನೆ ಇಲ್ಲ. ಆದರೂ 2022ರ ಜನವರಿಯ ಒಂದು ಬೆಳಗ್ಗೆ ಎಡವಟ್ಟಾಯಿತು, ಅದೂ ಇಳಿಯುವಾಗ ಅಲ್ಲ, ಏರುವಾಗ. ದಕ್ಷಿಣದ ರನ್‌ವೇ ನಿಲ್ಲಿಸಿ, ಉತ್ತರದ್ದರಲ್ಲೇ ಎಲ್ಲ ನಡೆಸೋಣ ಅಂತ ಆದ ತೀರ್ಮಾನ ದಕ್ಷಿಣದ ಟವರ್ ಕಂಟ್ರೋಲರ್‌ಗೆ ತಲುಪಲಿಲ್ಲ. ಕೋಲ್ಕತ್ತಕ್ಕೆ ಹೊರಟ ಇಂಡಿಗೋ ಅಲ್ಲಿಂದ ಹಾರಿತು, ಭುವನೇಶ್ವರಕ್ಕೆ ಹೊರಟ ಇಂಡಿಗೋ ಉತ್ತರದಿಂದ ಹಾರಿತು. ಹಾರಿದ ಮೇಲೆ ಎರಡೂ ಒಂದರ ಕಡೆಗೆ ಇನ್ನೊಂದು ಸರಿದವು. ಅಪ್ರೋಚ್ ರಾಡಾರ್‌ನಲ್ಲಿದ್ದ ಕಂಟ್ರೋಲರ್ ಅದನ್ನು ನೋಡಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು.